ಕೊಡ ಹೊತ್ತವರು ಕುಂಚ ಹಿಡಿದಾಗ

ಹೊಸಪೇಟೆ ಬಿಟ್ಟು ತುಂಗಭದ್ರೆ ದಾಟಿದರೆ ಮುನಿರಾಬಾದು, ಅದರ ಮಗ್ಗುಲಿಗೇ ಹುಲಿಗಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಸಂಡೂರು, ಕಂಪ್ಲಿ, ಕೂಡ್ಲಿಗಿ ಕಡೆಯಿಂದ ಹುಲಿಗೆಮ್ಮನ ದರ್ಶನಕ್ಕೆ ಜನ ಹರಿದು ಬರುತ್ತಾರೆ. ಗುಡಿಯ ಸುತ್ತ ಬೇವಿನ ಸೊಪ್ಪು, ಭಂಡಾರ, ಹಸಿರು ಬಳೆಯ ರಾಶಿ. ಆ ಗದ್ದಲದ ನಡುವೆ ಸೀರೆಯುಟ್ಟು, ಹಣೆತುಂಬ ಭಂಡಾರ ಬಳಿದು, ಕೊರಳಿಗೆ ಮುತ್ತು ಕಟ್ಟಿಕೊಂಡ ಜೋಗಪ್ಪಂದಿರು ಚೌಡಿಕೆ ಬಾರಿಸುತ್ತಿರುತ್ತಾರೆ. ಭಕ್ತರು ಅವರ ಪಡ್ಲಗಿಗೆ ಕಾಳು, ಕಾಸು ಹಾಕಿ ಕೈ ಮುಗಿದು ಮುಂದೆ ಹೋಗುತ್ತಾರೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಒಬ್ಬ ವ್ಯಕ್ತಿಯನ್ನು ಕಂಡು ಅಲ್ಲಿ ಯಾರೂ ಹೌಹಾರುವುದಿಲ್ಲ.

ಅದೇ ಜೋಗಪ್ಪ ಹೊಸಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಬಾಗಿಲು ತೆರೆಯುವುದಿಲ್ಲ. ಗುಡಿಯ ಮುಂದೆ ಕೈ ಮುಗಿದ ಮನೆಯಲ್ಲೇ ಮಗನೊಬ್ಬ ತಂಗಿಯ ಬಳೆ ತೊಟ್ಟುಕೊಂಡರೆ ಪೆಟ್ಟು ಬೀಳುತ್ತದೆ. ಅಂದರೆ ನಮ್ಮ ಭಾಗದಲ್ಲಿ ಇವರನ್ನು ನೋಡುವ ರೂಢಿ ಹಳೆಯದು, ಆದರೆ ಹೇಗೆ ನೋಡಬೇಕು, ಎಲ್ಲಿ ನೋಡಬೇಕು ಎಂಬುದನ್ನು ನಿಗದಿ ಮಾಡಿದವರು ಅವರಲ್ಲ. ಕ್ವಿಯರ್ ಬದುಕಿನ, ಅಂದರೆ ಲಿಂಗತ್ವದಲ್ಲೋ ಒಲವಿನಲ್ಲೋ ರೂಢಿಗೆ ಹೊರತಾದವರ ಬದುಕಿನ ಬಗ್ಗೆ ಹಲವು ಕಲಾವಿದರು ಕೂಡಿ ಚಿತ್ರ, ಫೋಟೊ, ಕಸೂತಿ, ಪ್ರದರ್ಶನ ಕಲೆಗಳನ್ನು ಒಂದೇ ಕಡೆ ಇಡುವ ಸಮೂಹ ಪ್ರದರ್ಶನಗಳು ಬೆಂಗಳೂರಿನಂಥ ನಗರಗಳಲ್ಲಿ ಈಗ ನಡೆಯುತ್ತಿವೆ. ಇವು ಇದೀಗ ಬಂದ ನಗರದ ಖಯಾಲಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಷ್ಟು ಕಾಲ ನೋಡಿಸಿಕೊಂಡವರು ಈಗ ತಾವೇ ತೋರಿಸುವವರಾಗುತ್ತಿದ್ದಾರೆ. ಈ ಬದಲಾವಣೆಯ ಅರ್ಥ ಸಂಡೂರು, ಹೊಸಪೇಟೆಯವರಿಗೆ ತಿಳಿಯುವಷ್ಟು ಚೆನ್ನಾಗಿ ಬೇರೆಯವರಿಗೆ ತಿಳಿಯುವುದು ಕಷ್ಟ ಎಂಬುದು ನನ್ನ ನಂಬಿಕೆ.

ಜೋಗಪ್ಪಂದಿರ ಪದ್ಧತಿಯನ್ನು ಮೊದಲು ತಿಳಿಯಬೇಕು. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ ಈ ಭಾಗದ ದೊಡ್ಡ ದೇವತೆಯರು. ಗಂಡು ಮಗುವೊಂದು ಹೆಣ್ಣಿನ ನಡೆ ನುಡಿಗೆ ಒಲಿದರೆ, ಮೈಯಲ್ಲಿ ಹುಷಾರಿಲ್ಲದೆ ನರಳಿದರೆ, ತಲೆಯಲ್ಲಿ ಜಡೆ ಬಂದರೆ ‘ಅಮ್ಮ ಹಿಡಿದಾಳೆ’ ಎನ್ನುತ್ತಾರೆ. ಆಮೇಲೆ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸುತ್ತಾರೆ. ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸುತ್ತಾರೆ. ಅಲ್ಲಿಂದ ಮುಂದೆ ಅವರಿಗೆ ಮನೆಮನೆಗೆ ಹೋಗಿ ಜೋಗ ಬೇಡುವುದು, ದೇವಿಯ ಹಾಡು ಹಾಡುವುದು, ಕೊಡ ಹೊತ್ತು ಕುಣಿಯುವುದೇ ಬದುಕು. ಹಿಜ್ರಾ ಸಮುದಾಯದ ಗುರು–ಚೇಲಾ ಕಟ್ಟು, ನಿರ್ವಾಣ ಎಂದು ಕರೆಯುವ ಅಂಗಛೇದನದ ಪದ್ಧತಿ ಬೇರೆ. ತಮ್ಮದು ದೇವಿಯ ದಾರಿ ಎಂದು ಬಹಳಷ್ಟು ಜೋಗಪ್ಪಂದಿರು ಸ್ಪಷ್ಟವಾಗಿ ಹೇಳಿಕೊಳ್ಳುತ್ತಾರೆ. ಬೆಂಗಳೂರಿನ ‘ಅನೇಕ’ ಸಂಸ್ಥೆ ಜೋಗಪ್ಪಂದಿರ ಬದುಕಿನ ಕುರಿತು 2014ರಲ್ಲಿ ಹೊರತಂದ ಅಧ್ಯಯನ ಈ ಗೌರವ ಮತ್ತು ತಿರಸ್ಕಾರ ಎರಡೂ ಒಂದೇ ಬದುಕಿನಲ್ಲಿ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಹೇಳುತ್ತದೆ.

ಆ ಕೊಡವನ್ನು ಕಲಾವಸ್ತುವಾಗಿ ನಾವು ನೋಡಿದ್ದು ಕಡಿಮೆ. ಹಿತ್ತಾಳೆಯದೋ ತಾಮ್ರದ್ದೋ ಕೊಡ, ಅದರ ಬಾಯಿಗೆ ಅಮ್ಮನ ಮುಖ, ಸುತ್ತ ಬೇವು, ಹೂವು, ನವಿಲುಗರಿ, ಕವಡೆ. ಕೈ ಹಿಡಿಯದೆ ತಲೆಯ ಮೇಲೆ ನಿಲ್ಲಿಸಿಕೊಂಡು, ಬಗ್ಗಿ, ಕುಳಿತು, ತಿರುಗಿ ಕುಣಿಯಬೇಕು. ಕೊರಳು, ಬೆನ್ನು, ಸೊಂಟ, ಹೆಜ್ಜೆ ನಾಲ್ಕೂ ಒಂದಕ್ಕೊಂದು ಲೆಕ್ಕ ಕೊಡದಿದ್ದರೆ ಕೊಡ ನಿಲ್ಲುವುದಿಲ್ಲ. ಪಕ್ಕದಲ್ಲಿ ಚೌಡಿಕೆ. ತಳಕ್ಕೆ ಚರ್ಮ ಬಿಗಿದ ಮರದ ಕೊಳವೆ, ಚರ್ಮದ ನಡುವಿನಿಂದ ಮೇಲೆದ್ದ ಒಂದೇ ತಂತಿ. ಬಿಗಿ ಏರಿಸಿ ಇಳಿಸುತ್ತ ಮೀಟಿದರೆ ಆ ಒಂದು ತಂತಿಯೇ ಮಾತಾಡಿದ ಹಾಗೆ ಕೇಳುತ್ತದೆ. ಶ್ರುತಿ, ತಾಳ ಜೊತೆಗೂಡಿದರೆ ಮೇಳ ಪೂರ್ತಿ. ವೇಷ, ವಸ್ತು, ಸಂಗೀತ, ಮೈಕಸುಬು ಇಷ್ಟನ್ನೂ ಒಟ್ಟಿಗೆ ಹೊಂದಿಸುವ ಈ ಕಲೆಯನ್ನು ಬಹಳ ಕಾಲ ಭಿಕ್ಷೆಯ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡಿದ್ದೆವು.

ಅದನ್ನು ಅಲ್ಲಿಂದ ಎತ್ತಿ ವೇದಿಕೆಗೆ ತಂದವರು ಮಾತಾ ಬಿ. ಮಂಜಮ್ಮ ಜೋಗತಿ. ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ, ಬದುಕು ಕಟ್ಟಿಕೊಂಡದ್ದು ಹೊಸಪೇಟೆಗೆ ಹತ್ತಿರದ ಮರಿಯಮ್ಮನಹಳ್ಳಿಯಲ್ಲಿ. 1975ರಲ್ಲಿ ಮನೆಯವರೇ ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಆಮೇಲೆ ಮನೆಯ ಆಸರೆ ತಪ್ಪಿತು. ಸಾಯಲು ಹೊರಟರು, ಬದುಕಿದರು. ಭಿಕ್ಷೆ ಬೇಡಿ, ಇಡ್ಲಿ ಮಾರಿ, ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದರು. ಕಾಳವ್ವ ಜೋಗತಿಯನ್ನು ಗುರುವಾಗಿ ಪಡೆದ ಮೇಲೆ ಕೊಡ ಹೊತ್ತು ಕುಣಿಯುವ ಈ ಜೋಗತಿ ನೃತ್ಯ ಅವರ ಕೈಹಿಡಿಯಿತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ ಅವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದಲ್ಲಿ ನಡೆದು ಬಂದವರು ರಾಮನಾಥ ಕೋವಿಂದ್ ಅವರ ಎದುರು ಸೆರಗು ಹಿಡಿದು ದೃಷ್ಟಿ ನಿವಾಳಿಸಿದ್ದನ್ನು ಇಡೀ ದೇಶ ನೋಡಿತು. ನಮ್ಮ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಮಾಡುವ ಹಾರೈಕೆ ಅದು. ರಾಷ್ಟ್ರಪತಿ ಭವನದ ಶಿಷ್ಟಾಚಾರದ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ, ಮಂಜಮ್ಮ ಜಾಗ ಮಾಡಿಕೊಂಡರು. ಅವತ್ತು ಏನು ತೋರಿಸಬೇಕೆಂದು ತೀರ್ಮಾನಿಸಿದವರು ಅವರೇ.

ಅವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’. ಅವರು ಹೇಳುತ್ತ ಹೋದದ್ದನ್ನು ಬರಹಕ್ಕಿಳಿಸಿದವರು ಜಾನಪದ ವಿದ್ವಾಂಸ ಅರುಣ್ ಜೋಳದಕೂಡ್ಲಿಗಿ. ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವ ಈ ಕೆಲಸ ಕನ್ನಡದಲ್ಲಿ ಅದಕ್ಕೆ ಮೊದಲೇ ಶುರುವಾಗಿತ್ತು. ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಎಂ. ಗಣೇಶ್ ನಿರ್ದೇಶನದಲ್ಲಿ ಅದನ್ನು ಊರೂರಿಗೆ ನಾಟಕವಾಗಿ ಒಯ್ದಿತು. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದು ಎಲ್ಲರಿಗೂ ನೆನಪಿದೆ. ಆ ಚಿತ್ರಕ್ಕೆ ಆಧಾರ ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ಪುಸ್ತಕ, ನಾಟಕ, ಸಿನಿಮಾ ಮೂರೂ ಆದ ಮೇಲೆ ಉಳಿದದ್ದು ಗೋಡೆ ಮತ್ತು ಕ್ಯಾನ್ವಾಸ್.

ಗೋಡೆ ಎಂದಾಗ ಬೀದಿಯ ನೆನಪಾಗುತ್ತದೆ. ಬೀದಿಯಲ್ಲಿ ಕಾಣಿಸಿಕೊಳ್ಳುವುದನ್ನೇ ಅಪರಾಧ ಮಾಡಿದ ಕಾನೂನುಗಳು ಈ ದೇಶದಲ್ಲಿದ್ದವು ಎಂಬುದನ್ನು ಇಂದಿನ ಓದುಗರು ನಂಬುವುದು ಕಷ್ಟ. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗ ಪೂರ್ತಿಯಾಗಿ ಹಿಜ್ರಾಗಳಂಥ ಸಮುದಾಯದವರ ಬಗ್ಗೆಯೇ ಇತ್ತು. ಪೊಲೀಸರು ಇವರ ಹೆಸರುಗಳ ದಫ್ತರ ಇಡಬೇಕು. ದಫ್ತರದಲ್ಲಿ ಹೆಸರಿರುವವರು ಹೆಣ್ಣಿನ ಉಡುಗೆ, ಒಡವೆ ತೊಟ್ಟು ಬೀದಿಗೆ ಬಂದರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು. ಅದು ಹೆಚ್ಚಾಗಿ ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ಆದರೆ ಅದೇ ಅಚ್ಚಿನ ಇನ್ನೊಂದು ಕಾಯ್ದೆಯನ್ನು ಹೈದರಾಬಾದಿನ ನಿಜಾಮ ಸಂಸ್ಥಾನ ಫಸಲಿ 1329ರಲ್ಲಿ, ಅಂದರೆ 1919ರ ಹೊತ್ತಿಗೆ ಮಾಡಿಕೊಂಡಿತು. ನಮ್ಮ ಭೂಪಟವನ್ನು ಒಮ್ಮೆ ನೆನೆಯಿರಿ. ಹೊಸಪೇಟೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು, ಹೊಳೆಯಾಚೆಯ ಕೊಪ್ಪಳ ಸೀಮೆ ಹೈದರಾಬಾದಿಗೆ ಸೇರಿತ್ತು. ಒಂದೇ ತುಂಗಭದ್ರೆಯ ಈ ದಡದಲ್ಲಿ ಇಲ್ಲದ ಕಾನೂನು ಆ ದಡದಲ್ಲಿತ್ತು, ಮತ್ತು ಹುಲಿಗೆಮ್ಮನ ಗುಡಿ ಇದ್ದದ್ದು ಆ ದಡದಲ್ಲಿ. ಸೀರೆಯುಟ್ಟು ಕುಣಿಯುವುದು ಗುಡಿಯಲ್ಲಿ ಸೇವೆ, ಕಾಯ್ದೆಯ ಪುಸ್ತಕದಲ್ಲಿ ಅಪರಾಧ.

ಆ ನಿಜಾಮನ ಕಾಯ್ದೆ ಹೆಸರು ಬದಲಿಸಿಕೊಂಡು ತೆಲಂಗಾಣದಲ್ಲಿ 2023ರವರೆಗೂ ಉಳಿದಿತ್ತು. ಆ ವರ್ಷದ ಜುಲೈನಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ಸಂವಿಧಾನಬಾಹಿರ ಎಂದು ರದ್ದು ಮಾಡಿತು. ನಮ್ಮಲ್ಲಿ ಇನ್ನೂ ನೋವಿನ ಸಂಗತಿ: ಕರ್ನಾಟಕವು 2011ರಲ್ಲಿ, ಅಷ್ಟು ಇತ್ತೀಚೆಗೆ, ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿಸಿ ಅದೇ ದಫ್ತರದ ಪದ್ಧತಿಯನ್ನು ಹೊಸದಾಗಿ ಬರೆಯಿತು. ಸಮುದಾಯದವರು ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಅದರ ಪದಗಳನ್ನು ತಿದ್ದಲಾಯಿತು. ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಹಿಡಿತದಿಂದ ಬಿಡಿಸಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು, ಈ ಕೆಲಸದಲ್ಲಿ ದೇಶಕ್ಕೇ ಮೊದಲಾಯಿತು.

ಈ ಹಿನ್ನೆಲೆಯಲ್ಲಿ ನೋಡಿದರೆ ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್ ಮಾಡಿದ ಕೆಲಸದ ತೂಕ ತಿಳಿಯುತ್ತದೆ. ಭಿತ್ತಿಚಿತ್ರ ಕಲಾವಿದೆ ಪೂರ್ಣಿಮಾ ಸುಕುಮಾರ್ 2016ರಲ್ಲಿ ಇದನ್ನು ಶುರು ಮಾಡಿದರು. ಟ್ರಾನ್ಸ್ ಮಹಿಳೆಯರು ಮತ್ತು ಇತರ ಮಹಿಳೆಯರು ಒಟ್ಟಾಗಿ ಸಾರ್ವಜನಿಕ ಗೋಡೆಗಳ ಮೇಲೆ ಬಣ್ಣ ಹಚ್ಚುತ್ತಾರೆ. ಅವಮಾನ ಅನುಭವಿಸಿದ ಬೀದಿಗಳಲ್ಲೇ, ಹಗಲು ಹೊತ್ತಿನಲ್ಲೇ, ಏಣಿ ಏರಿ ನಿಂತು ಬಣ್ಣ ಹಚ್ಚುವುದು ಸಣ್ಣ ಮಾತಲ್ಲ. ದಾರಿಹೋಕರು ನಿಂತು ಏನು ಬರೀತಿದ್ದೀರಿ ಅಂತ ಕೇಳುತ್ತಾರೆ, ಮಾತು ಬೆಳೆಯುತ್ತದೆ. ಚಿತ್ರ ಮುಗಿಯುವ ಹೊತ್ತಿಗೆ ಆ ಬೀದಿಗೂ ಬಣ್ಣ ಹಚ್ಚಿದವರಿಗೂ ಒಂದು ಬಳಕೆ ಬೆಳೆದಿರುತ್ತದೆ. ಈ ಬಳಕೆಯೇ ಅರವಾಣಿಯ ನಿಜವಾದ ಕೃತಿ, ಗೋಡೆಯ ಮೇಲಿನ ಚಿತ್ರ ಅದರ ಗುರುತು ಎಂದು ನಾನು ತಿಳಿಯುತ್ತೇನೆ. 2024ರಲ್ಲಿ ಈ ತಂಡ ವೆನಿಸ್ ಬಿಯೆನ್ನಾಲೆ ಕಲಾ ಪ್ರದರ್ಶನಕ್ಕೆ ಹೋಗಿ ಅರ್ಸೆನಾಲೆಯ ಗೋಡೆಯ ಮೇಲೆ ‘ಡಯಾಸ್ಪೊರಾ’ ಎಂಬ ಭಿತ್ತಿಚಿತ್ರ ಬರೆಯಿತು. ಬ್ರೆಜಿಲ್‌ನ ಅಡ್ರಿಯಾನೊ ಪೆಡ್ರೋಸಾ ರೂಪಿಸಿದ ಆ 60ನೇ ಬಿಯೆನ್ನಾಲೆಯ ವಿಷಯವೇ ‘ಎಲ್ಲೆಡೆಯೂ ಪರಕೀಯರು’ ಎಂಬುದಾಗಿತ್ತು. ಅಲ್ಲಿಯೇ ಭೂಪೇನ್ ಖಖ್ಖರ್ ಅವರ ಚಿತ್ರವೂ ಇತ್ತು.

ಖಖ್ಖರ್ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಬರೋಡಾದಲ್ಲಿ ಅಕೌಂಟೆಂಟ್ ಆಗಿದ್ದುಕೊಂಡೇ ಚಿತ್ರ ಬರೆದವರು. ಭಾರತದ ಆಧುನಿಕ ಚಿತ್ರಕಲೆಯಲ್ಲಿ ಗಂಡಸರ ನಡುವಿನ ಒಲವನ್ನು ಮುಚ್ಚುಮರೆಯಿಲ್ಲದೆ ತಂದ ಹಿರಿಯರು. 1982ರ ‘ಟು ಮೆನ್ ಇನ್ ಬನಾರಸ್’ ಚಿತ್ರದಲ್ಲಿ ಇಬ್ಬರು ಬೆತ್ತಲೆ ಗಂಡಸರು ಅಪ್ಪಿ ನಿಂತಿದ್ದಾರೆ, ಅವರ ಸುತ್ತ ಕಾಶಿಯ ಎಂದಿನ ಬದುಕು ತನ್ನ ಪಾಡಿಗೆ ನಡೆದಿದೆ. ಪೂಜೆ, ಭಿಕ್ಷೆ, ಒಲವು ಮೂರೂ ಒಂದೇ ಊರಿನೊಳಗೆ. ಹುಲಿಗಿಯ ಗುಡಿ ಬಯಲನ್ನು ಬಲ್ಲವರಿಗೆ ಈ ಚಿತ್ರವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಬೆಂಗಳೂರಿನಲ್ಲಿ ಸ್ಯಾಂಡ್‌ಬಾಕ್ಸ್ ಕಲೆಕ್ಟಿವ್ ಮತ್ತು ಗಯಟೆ ಇನ್‌ಸ್ಟಿಟ್ಯೂಟ್ ಸೇರಿ 2015ರಿಂದ ನಡೆಸುತ್ತ ಬಂದ ‘ಜೆಂಡರ್ ಬೆಂಡರ್’ ಉತ್ಸವ ನಾವು ಹೇಳುತ್ತಿರುವ ಸಮೂಹ ಪ್ರದರ್ಶನಕ್ಕೆ ತೀರ ಹತ್ತಿರದ ಮಾದರಿ. ಲಿಂಗತ್ವದ ಬಗ್ಗೆ ಹೊಸ ಕೃತಿ ಮಾಡಲು ಕಲಾವಿದರಿಗೆ ಧನಸಹಾಯ ಕೊಟ್ಟು, ಆದದ್ದೆಲ್ಲವನ್ನೂ ಒಂದೆಡೆ ತೋರಿಸುತ್ತಾರೆ. ಒಬ್ಬರದು ಫೋಟೊ, ಇನ್ನೊಬ್ಬರದು ಧ್ವನಿ, ಮತ್ತೊಬ್ಬರದು ಹೊಲಿಗೆ. ಸಮೂಹ ಪ್ರದರ್ಶನದ ಬಲ ಇರುವುದೇ ಇಲ್ಲಿ. ಒಬ್ಬ ಕಲಾವಿದನ ಪ್ರದರ್ಶನವಾದರೆ ನೋಡುಗ ಅವನ ಬದುಕನ್ನೇ ಇಡೀ ಸಮುದಾಯದ ಬದುಕೆಂದು ತಿಳಿದುಬಿಡುತ್ತಾನೆ. ಹತ್ತು ಜನರ ಕೃತಿಗಳಿದ್ದಾಗ ಒಂದು ಇನ್ನೊಂದನ್ನು ಅಲ್ಲಗಳೆಯುತ್ತದೆ, ಒಪ್ಪುತ್ತದೆ, ಜಗಳಕ್ಕೂ ನಿಲ್ಲುತ್ತದೆ. ಒಬ್ಬರಿಗೆ ದೇವಿ ಆಸರೆ, ಇನ್ನೊಬ್ಬರಿಗೆ ಅದೇ ದೇವಿಯ ಹೆಸರಿನ ಮುತ್ತು ಕೊರಳ ಉರುಳು. ಎರಡನ್ನೂ ಅಕ್ಕಪಕ್ಕದ ಗೋಡೆಗೆ ತೂಗುಹಾಕಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿರುವ ‘ಕಮ್ರಾ’ ಸಂಗ್ರಹಾಗಾರ ಈ ಸಮುದಾಯಗಳ ಫೋಟೊ, ಕರಪತ್ರ, ಸಂದರ್ಶನಗಳನ್ನು ಕೂಡಿಡುತ್ತಿದೆ. ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ತಮ್ಮ ಕಛೇರಿಯ ವೇದಿಕೆಯಲ್ಲಿ ಜೋಗಪ್ಪಂದಿರನ್ನು ಜೊತೆಗೆ ಕೂರಿಸಿಕೊಂಡು ಹಾಡಿದ್ದೂ ಇದೇ ದಾರಿಯ ಹೆಜ್ಜೆ. ಅದನ್ನು ನಾನು ದೊಡ್ಡ ಹೆಜ್ಜೆ ಎಂದೇ ಎಣಿಸುತ್ತೇನೆ, ಏಕೆಂದರೆ ಅಲ್ಲಿ ಜೋಗಪ್ಪಂದಿರು ಅತಿಥಿಗಳಾಗಿರಲಿಲ್ಲ, ಹಾಡುಗಾರರಾಗಿದ್ದರು.

ಇದೆಲ್ಲ ಸಲೀಸಾಗಿ ನಡೆಯುತ್ತದೆಂದು ಭಾವಿಸಬಾರದು. 2012ರ ಜನವರಿಯಲ್ಲಿ ದೆಹಲಿಯ ಲಲಿತ ಕಲಾ ಅಕಾಡೆಮಿಯಲ್ಲಿ ಸಲಿಂಗ ಪ್ರೇಮದ ಚಿತ್ರಗಳನ್ನು ಇಟ್ಟಿದ್ದ ಕಲಾವಿದ ಬಲಬೀರ್ ಕೃಷನ್ ಮೇಲೆ ಪ್ರದರ್ಶನದ ಜಾಗದಲ್ಲೇ ಹಲ್ಲೆ ನಡೆಯಿತು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 2017ರಲ್ಲಿ ನಡೆದ ‘ಕ್ವಿಯರ್‌ಮ್ಯೂಸಿಯು’ ಪ್ರದರ್ಶನವನ್ನು ಗಲಾಟೆಗೆ ಹೆದರಿ ಅವಧಿಗೆ ಮೊದಲೇ ಮುಚ್ಚಿದರು. ಮರುವರ್ಷ ಸಾರ್ವಜನಿಕರು ಚಂದಾ ಎತ್ತಿ ಅದನ್ನೇ ರಿಯೊ ನಗರದಲ್ಲಿ ಮತ್ತೆ ತೆರೆದರು. ಚಂದಾ ಎತ್ತಿ ಜಾತ್ರೆ, ನಾಟಕ ಮಾಡುವ ನಮ್ಮ ಊರುಗಳಿಗೆ ಈ ಎರಡನೆಯ ಸುದ್ದಿ ಅಪರಿಚಿತ ಅನ್ನಿಸದು.

ಈಗ ಸಂಡೂರಿನ ಮಾತಿಗೆ ಬರೋಣ. ಕೂಡಿ ತೋರಿಸುವ ಕಲೆ ಈ ಊರಿಗೆ ಹೊಸದಲ್ಲ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ತಾಂಡಾಗಳ ಹೆಣ್ಣುಮಕ್ಕಳು ಹೊಲಿಯುವ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸದ 1755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಕನ್ನಡಿ, ಕವಡೆ, ಗೆಜ್ಜೆ, ಬಣ್ಣದ ತುಂಡುಬಟ್ಟೆ ಸೇರಿ ಒಂದು ಸಮುದಾಯದ ಗುರುತು ಜಗತ್ತಿಗೆ ಕಂಡಿತು. ಮೈಮೇಲೆ ತೊಡುವ ಬಟ್ಟೆಯೇ ತಾನು ಯಾರೆಂದು ಹೇಳುತ್ತದೆ ಎಂಬುದು ಈ ಊರಿನ ಹೆಣ್ಣುಮಕ್ಕಳಿಗೆ ಮೊದಲಿನಿಂದ ಗೊತ್ತು. ಜೋಗಪ್ಪನ ಸೀರೆ, ಮುತ್ತಿನ ಸರವೂ ಅದನ್ನೇ ಹೇಳುತ್ತವೆ. 1930ರ ದಶಕದಲ್ಲೇ ಸಂಡೂರಿನ ಸಂಸ್ಥಾನ ದಲಿತರಿಗೆ ದೇವಸ್ಥಾನದ ಬಾಗಿಲು ತೆರೆದದ್ದನ್ನು, ಗಾಂಧೀಜಿ ಇಲ್ಲಿಗೆ ಬಂದದ್ದನ್ನು ಹಿರಿಯರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಒಳಗೆ ಯಾರು ಬರಬಹುದು ಎಂಬ ಪ್ರಶ್ನೆಯನ್ನು ಈ ಊರು ಹಿಂದೆಯೂ ಎದುರಿಸಿದೆ.

ಆದರೆ ಸಣ್ಣ ಊರಿನ ಪ್ರದರ್ಶನಕ್ಕೆ ಬೆಂಗಳೂರಿಗಿಲ್ಲದ ಒಂದು ಕಷ್ಟವಿದೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕಂಪ್ಲಿಯ ಹುಡುಗಿಯೊಬ್ಬಳು ತನ್ನ ಗೆಳತಿಯ ಮೇಲಿನ ಒಲವನ್ನು ಚಿತ್ರ ಮಾಡಿದಳೆನ್ನಿ. ಕೆಳಗೆ ಹೆಸರು ಬರೆದರೆ ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ, ಮರುವಾರ ಗಂಡು ನೋಡುವ ಶಾಸ್ತ್ರ ಶುರುವಾಗುತ್ತದೆ. ಜೋಗತಿ ನೃತ್ಯದಲ್ಲಿ ಮೈಯೇ ಎದುರಿಗಿರುತ್ತದೆ, ಮುಖ ಮರೆಸುವ ಮಾತೇ ಇಲ್ಲ. ಗೋಡೆಯ ಚಿತ್ರಕ್ಕೆ ಆ ಅನುಕೂಲವಿದೆ: ಬರೆದವರು ನೋಡುಗರ ಗುಂಪಿನಲ್ಲೇ ನಿಂತು, ಯಾರಿಗೂ ತಿಳಿಯದಂತೆ ತಮ್ಮ ಚಿತ್ರದ ಬಗ್ಗೆ ಜನ ಏನಂತಾರೆಂದು ಕೇಳಿಸಿಕೊಳ್ಳಬಹುದು. ಹೆಸರು ಹಾಕಬೇಕೆನ್ನುವವರಿಗೆ ಹೆಸರು, ಬೇಡವೆನ್ನುವವರಿಗೆ ಸಹಿಯಿಲ್ಲದ ಚೌಕಟ್ಟು, ಎರಡಕ್ಕೂ ಸಮಾನ ಗೌರವ ಬೇಕು. ತನ್ನನ್ನು ತೋರಿಸಿಕೊಳ್ಳುವ ಹಕ್ಕಿನಲ್ಲಿ ಮರೆಯಲ್ಲಿ ಉಳಿಯುವ ಹಕ್ಕೂ ಸೇರಿದೆ. ದಫ್ತರದಲ್ಲಿ ಬಲವಂತವಾಗಿ ಹೆಸರು ಬರೆಸಿಕೊಂಡವರ ಚರಿತ್ರೆ ಗೊತ್ತಿದ್ದ ಮೇಲೆ ಇದರಲ್ಲಿ ರಾಜಿ ಸಲ್ಲದು.

ಇನ್ನೊಂದು ಕೊರತೆಯನ್ನೂ ಹೇಳಲೇಬೇಕು. ನಮ್ಮ ಸೀಮೆಯ ಪರಂಪರೆ ಜೋಗಪ್ಪಂದಿರಿಗೆ ಇಷ್ಟಾದರೂ ಜಾಗ ಕೊಟ್ಟಿತು. ಹೆಣ್ಣನ್ನು ಒಲಿದ ಹೆಣ್ಣಿಗೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಬೇಕೆನ್ನುವ ಟ್ರಾನ್ಸ್ ಪುರುಷರಿಗೆ ಅಂಥ ಜಾಗ ಕೊಡಲಿಲ್ಲ. ಅವರಿಗೆ ಚೌಡಿಕೆಯಿಲ್ಲ, ಕೊಡವಿಲ್ಲ, ಉಧೋ ಎನ್ನುವ ಜನರಿಲ್ಲ. ಆದ್ದರಿಂದ ಇಲ್ಲಿ ಪ್ರದರ್ಶನ ನಡೆದರೆ ಅದರ ಮುಕ್ಕಾಲು ಗೋಡೆಯನ್ನು ಜೋಗತಿಯರ ಫೋಟೊಗಳಿಂದ ತುಂಬಿಸಿ ಮುಗಿಸಿಬಿಡುವುದು ಸುಲಭದ ದಾರಿ, ತಪ್ಪು ದಾರಿ. ಜಾತ್ರೆಯಲ್ಲಿ ಜೋಗಪ್ಪಂದಿರ ಮುಖಕ್ಕೆ ಕ್ಯಾಮೆರಾ ಹಿಡಿದು, ಹೆಸರನ್ನೂ ಕೇಳದೆ ಹೋಗುವವರು ಈಗಾಗಲೇ ಬೇಕಾದಷ್ಟಿದ್ದಾರೆ. ಚಿತ್ರ ತೆಗೆಯುವುದನ್ನು ಅವರಿಗೇ ಕಲಿಸಿ, ಕ್ಯಾಮೆರಾ ಅವರ ಕೈಗೇ ಕೊಟ್ಟರೆ ಭಕ್ತರ ಮುಖಗಳು ಅವರಿಗೆ ಹೇಗೆ ಕಾಣುತ್ತವೆ ಎಂಬುದು ನಮಗೂ ತಿಳಿದೀತು.

ಬೇಕಾದ ಸಾಧನಗಳೆಲ್ಲ ಸುತ್ತಲೇ ಇವೆ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ಮರಿಯಮ್ಮನಹಳ್ಳಿಯಲ್ಲಿ ತಲೆಮಾರುಗಳ ರಂಗಭೂಮಿಯಿದೆ, ಸಂಡೂರಿನಲ್ಲಿ ಸೂಜಿ ಹಿಡಿದ ಕೈಗಳಿವೆ, ಬಳ್ಳಾರಿ ಸೀಮೆಯಲ್ಲಿ ತೊಗಲುಗೊಂಬೆಗೆ ಬಣ್ಣ ಹಾಕುವವರಿದ್ದಾರೆ. ಗ್ಯಾಲರಿಯೇ ಬೇಕೆಂದಿಲ್ಲ, ಸಮುದಾಯ ಭವನ, ಶಾಲೆಯ ಹಜಾರ ಸಾಕು. ವಿವರ ಫಲಕಗಳು ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಎದುರು ನಿಂತು ಹೇಳುವವರಿರಲಿ. ಹಣದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಉದ್ಘಾಟನೆಯ ದಿನ ಜೋಗತಿಯರ ಮೇಳ ಕರೆಸಿ, ಕುಣಿಸಿ, ಶಾಲು ಹೊದಿಸಿ, ಬಸ್ ಚಾರ್ಜು ಕೊಟ್ಟು ಕಳಿಸುವ ಚಾಳಿ ನಮ್ಮ ಸಭೆ ಸಮಾರಂಭಗಳಿಗೆ ಅಂಟಿಕೊಂಡಿದೆ. ಕ್ಯಾನ್ವಾಸ್ ಮೇಲೆ ಬರೆದವರಿಗೆ ಎಷ್ಟು ಸಂಭಾವನೆಯೋ ಕೊಡ ಹೊತ್ತು ಕುಣಿದವರಿಗೂ ಅಷ್ಟೇ ಇರಬೇಕು, ಆಹ್ವಾನ ಪತ್ರಿಕೆಯಲ್ಲಿ ಮೇಳದ ಹೆಸರಿನ ಜೊತೆ ಒಬ್ಬೊಬ್ಬರ ಹೆಸರೂ ಅವರೇ ಹೇಳಿದ ರೀತಿಯಲ್ಲಿ ಅಚ್ಚಾಗಬೇಕು, ಹಣ ಅಂದೇ ಅವರ ಕೈ ಸೇರಬೇಕು.